ಕಾಫಿ ಪಾತ್ರೆಯಿಂದ ಕಾವಲು ಕಣ್ಣಿನವರೆಗೆ

ಶಾಲೆಗೆ ಹೋಗಿ, ಆಸ್ಪತ್ರೆಗೆ ಹೋಗಿ, ಬ್ಯಾಂಕಿಗೆ ಹೋಗಿ. ತಲೆಯೆತ್ತಿ ನೋಡಿದರೆ ಗೋಡೆಯ ಮೂಲೆಯಿಂದ ಒಂದು ಪುಟ್ಟ ಕಪ್ಪು ಕಣ್ಣು ನಮ್ಮತ್ತ ನೋಡುತ್ತಿರುತ್ತದೆ. ಮೊದಮೊದಲು ಅದನ್ನು ಕಂಡೊಡನೆ ಅಂಗಿಯ ಗುಂಡಿ ಸರಿಪಡಿಸಿಕೊಳ್ಳುತ್ತಿದ್ದ ನಾವು ಈಗ ಅದರತ್ತ ಗಮನವನ್ನೇ ಕೊಡುವುದಿಲ್ಲ. ಆದರೆ ಆ ಕಣ್ಣು ಕಂಡದ್ದು ಎಲ್ಲಿಗೆ ಹೋಗುತ್ತದೆ, ಯಾರ ಯಾರ ಮುಂದೆ ತೆರೆದುಕೊಳ್ಳುತ್ತದೆ ಎಂಬುದನ್ನು ಎಂದಾದರೂ ವಿಚಾರಿಸಿದ್ದೇವೆಯೇ?

ನನ್ನಲ್ಲಿ ಈ ಪ್ರಶ್ನೆ ಮೂಡಿದ್ದು ಆಕಸ್ಮಿಕವಾಗಿ. ನನಗೆ ಪರಿಚಿತವಾದ ವಿದ್ಯಾರ್ಥಿ ನಿಲಯವೊಂದರಲ್ಲಿ ಎಂಟು ಕ್ಯಾಮೆರಾಗಳನ್ನು ಅಳವಡಿಸಲಾಗಿತ್ತು. ಕೆಲಸ ಮುಗಿಸಿದ ಯುವಕ ಮೇಲ್ವಿಚಾರಕರ ಕೊಠಡಿಯಲ್ಲಿ ಕುಳಿತು ತನ್ನ ಲ್ಯಾಪ್‌ಟಾಪಿನಲ್ಲಿ ಒಂದೇ ಒಂದು ಸಾಲು ಬರೆದ. ಕ್ಷಣಮಾತ್ರದಲ್ಲಿ ಮೊದಲ ಮಹಡಿಯ ಓಣಿ ಪರದೆಯ ಮೇಲೆ ಮೂಡಿತು. "ಇದನ್ನು ನೋಡುವುದಕ್ಕೆ ಆ ರೆಕಾರ್ಡರ್ ಪೆಟ್ಟಿಗೆಯೇ ಬೇಕೆಂದಿಲ್ಲ. ಈ ಕಟ್ಟಡದ ವೈಫೈ ಒಳಗಿದ್ದರೆ ಸಾಕು, ಯಾವ ಕಂಪ್ಯೂಟರಿನಲ್ಲಿ, ಯಾವ ಆ್ಯಪ್‌ನಲ್ಲಿ ಬೇಕಾದರೂ ನೋಡಬಹುದು" ಎಂದು ಅಭಿಮಾನದಿಂದ ಹೇಳಿದ. ಪಾಸ್‌ವರ್ಡ್ ಏನಿಟ್ಟಿದ್ದೀರಿ ಎಂದು ಕೇಳಿದೆ. "ಕಂಪೆನಿಯಿಂದ ಬಂದದ್ದೇ ಇದೆ" ಎಂದು ನಕ್ಕ. ಅಷ್ಟರಲ್ಲಿ ಪರದೆಯ ಮೇಲೆ ಹುಡುಗನೊಬ್ಬ ಹೆಗಲ ಮೇಲೆ ಟವೆಲು ಹಾಕಿಕೊಂಡು, ಏನನ್ನೋ ಗುನುಗುತ್ತಾ ನಡೆದು ಬಂದ. ಕೆಳಗಿನ ಕೊಠಡಿಯಲ್ಲಿ ಮೂವರು ತನ್ನನ್ನು ನೋಡುತ್ತಿದ್ದಾರೆಂಬ ಅರಿವು ಅವನಿಗಿರಲಿಲ್ಲ.

ಆ ದೃಶ್ಯ ನನ್ನ ಮನಸ್ಸಿನಿಂದ ಮರೆಯಾಗಲಿಲ್ಲ. ಒಂದು ಕ್ಯಾಮೆರಾದ ಚಿತ್ರ ಹೀಗೆ ಹಲವು ಪರದೆಗಳಿಗೆ, ಹಲವು ತಂತ್ರಾಂಶಗಳಿಗೆ ಏಕಕಾಲದಲ್ಲಿ ಹರಿಯುವುದು ಸಾಧ್ಯವಾದುದು ಹೇಗೆ? ಅದರ ಹಿಂದೊಂದು ಇತಿಹಾಸವಿದೆ. ಬನ್ನಿ, ಆ ದಾರಿಯಲ್ಲಿ ಸ್ವಲ್ಪ ಹಿಂದಕ್ಕೆ ನಡೆಯೋಣ.

ಬಾಗಿಲಾಚೆ ಯಾರು?

ದೂರದ ದೃಶ್ಯವನ್ನು ತಂತಿಯ ಮೂಲಕ ತರಿಸಿಕೊಂಡು ನೋಡುವ ಏರ್ಪಾಡು ಎರಡನೆಯ ಮಹಾಯುದ್ಧದ ಕಾಲಕ್ಕೇ ಆರಂಭವಾಗಿತ್ತು. ಜರ್ಮನಿಯ ಪೀನಮುಂಡೆಯಲ್ಲಿ ರಾಕೆಟ್‌ಗಳ ಉಡಾವಣೆಯನ್ನು ಅಪಾಯವಿಲ್ಲದಷ್ಟು ದೂರದಿಂದ ವೀಕ್ಷಿಸಲು ಎಂಜಿನಿಯರುಗಳು ಟೆಲಿವಿಷನ್ ಕ್ಯಾಮೆರಾವನ್ನು ಬಳಸಿದ್ದರು. ಆದರೆ ಮನೆಯ ಕಾವಲಿಗಾಗಿ ಕ್ಯಾಮೆರಾವನ್ನು ಬಳಸುವ ಆಲೋಚನೆಗೆ ಸ್ಪಷ್ಟ ರೂಪ ಕೊಟ್ಟವರು ಸೇನಾಧಿಕಾರಿಗಳಲ್ಲ, ಓರ್ವ ನರ್ಸ್.

ಮೇರಿ ವ್ಯಾನ್ ಬ್ರಿಟನ್ ಬ್ರೌನ್ ನ್ಯೂಯಾರ್ಕ್ ನಗರದ ಕ್ವೀನ್ಸ್ ಪ್ರದೇಶದಲ್ಲಿ ವಾಸವಾಗಿದ್ದ ಕಪ್ಪು ಜನಾಂಗದ ಮಹಿಳೆ. ಅವರ ಪತಿ ಆಲ್ಬರ್ಟ್ ಬ್ರೌನ್ ಎಲೆಕ್ಟ್ರಾನಿಕ್ಸ್ ತಂತ್ರಜ್ಞ. ಇಬ್ಬರ ಕೆಲಸದ ವೇಳೆಯೂ ಬೇರೆ ಬೇರೆ. ರಾತ್ರಿಯಲ್ಲಿ ಮೇರಿ ಎಷ್ಟೋ ಬಾರಿ ಒಂಟಿಯಾಗಿರಬೇಕಾಗುತ್ತಿತ್ತು. ಸುತ್ತಮುತ್ತ ಅಪರಾಧಗಳು ಹೆಚ್ಚಾಗಿದ್ದವು, ಕರೆದರೆ ಪೊಲೀಸರು ಬರುವುದು ತಡವಾಗುತ್ತಿತ್ತು. ಬಾಗಿಲು ಬಡಿದ ಸದ್ದಾದಾಗ ಎದ್ದು ಹೋಗಿ ಕಿಂಡಿಯಲ್ಲಿ ಇಣುಕಿ ನೋಡುವುದೂ ಭಯದ ಕೆಲಸವೇ. ಈ ಭಯದಿಂದಲೇ ಹೊಸ ಸಾಧನವೊಂದು ಹುಟ್ಟಿತು. ಬಾಗಿಲಿನಲ್ಲಿ ಬೇರೆ ಬೇರೆ ಎತ್ತರಕ್ಕೆ ಕಿಂಡಿಗಳು. ಅವುಗಳ ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮೆರಾ. ಮಲಗುವ ಕೋಣೆಯಲ್ಲಿ ಒಂದು ಟಿ.ವಿ. ಪರದೆ, ಹೊರಗಿನವರೊಡನೆ ಮಾತನಾಡಲು ಮೈಕು, ಪರಿಚಿತರಾದರೆ ಕುಳಿತಲ್ಲಿಂದಲೇ ಬಾಗಿಲು ತೆರೆಯಲು ಒಂದು ಗುಂಡಿ, ಅಪಾಯವೆನಿಸಿದರೆ ಎಚ್ಚರಿಕೆಯ ಗಂಟೆ ಮೊಳಗಿಸಲು ಇನ್ನೊಂದು. 1966ರ ಆಗಸ್ಟ್‌ನಲ್ಲಿ ದಂಪತಿ ಇದರ ಪೇಟೆಂಟಿಗೆ ಅರ್ಜಿ ಹಾಕಿದರು. 1969ರ ಡಿಸೆಂಬರ್ 2ರಂದು ಪೇಟೆಂಟ್ ದೊರೆಯಿತು.

ಇಲ್ಲಿ ಒಂದಂಶವನ್ನು ಗಮನಿಸಬೇಕು. ಆ ಕ್ಯಾಮೆರಾದ ಚಿತ್ರ ಹೋಗುತ್ತಿದ್ದುದು ಮನೆಯೊಳಗಿನ ಪರದೆಗೆ ಮಾತ್ರ. ನೋಡುತ್ತಿದ್ದವಳು ಒಬ್ಬಳೇ, ಅವಳೇ ಆ ಮನೆಯ ಒಡತಿ, ಅವಳೇ ಅಪಾಯಕ್ಕೆ ಒಡ್ಡಿಕೊಂಡವಳು. ಮುಂದೆ ಅಂಗಡಿ, ಬ್ಯಾಂಕುಗಳಿಗೆ ಬಂದ ಕಾವಲು ಕ್ಯಾಮೆರಾಗಳೂ ಬಹುಕಾಲ ಹೀಗೆಯೇ ಇದ್ದವು. ಕ್ಯಾಮೆರಾದಿಂದ ದಪ್ಪನೆಯ ಕೇಬಲು ಹೊರಟು ಗೊತ್ತಾದ ಪರದೆಯನ್ನು ಇಲ್ಲವೇ ರೆಕಾರ್ಡರನ್ನು ಸೇರುತ್ತಿತ್ತು. ಇನ್ನೊಬ್ಬರು ನೋಡಬೇಕಾದರೆ ಇನ್ನೊಂದು ಕೇಬಲು ಎಳೆಯಬೇಕಿತ್ತು. ನೋಡುವವರು ಯಾರೆಂಬುದನ್ನು ಕೇಬಲೇ ನಿರ್ಧರಿಸುತ್ತಿತ್ತು. ಅದು ತಂತ್ರಜ್ಞಾನದ ಬಡತನ ನಿಜ. ಆದರೆ ಆ ಬಡತನವೇ ಒಂದು ಬೀಗವೂ ಆಗಿತ್ತು.

ಕೇಂಬ್ರಿಜ್‌ನ ಕಾಫಿ ಪಾತ್ರೆ

ಆ ಬೀಗ ಮೊದಲು ಸಡಿಲಗೊಂಡದ್ದು ಕಾವಲಿನ ಕಾರಣಕ್ಕಲ್ಲ, ಕಾಫಿಯ ಕಾರಣಕ್ಕೆ ಎಂದರೆ ನಿಮಗೆ ನಗು ಬಂದೀತು.

1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಸುಮಾರು ಹದಿನೈದು ಮಂದಿ ಸಂಶೋಧಕರಿಗೆ ಸೇರಿ ಇದ್ದುದು ಒಂದೇ ಕಾಫಿ ಯಂತ್ರ. ಅದು 'ಟ್ರೋಜನ್ ಕೊಠಡಿ' ಎಂದು ಕರೆಯಲಾಗುತ್ತಿದ್ದ ಕೋಣೆಯ ಹೊರಗಿನ ಓಣಿಯಲ್ಲಿತ್ತು. ಆ ಕೋಣೆಯಲ್ಲಿದ್ದವರಿಗೆ ಚಿಂತೆಯಿರಲಿಲ್ಲ. ಬೇರೆ ಮಹಡಿಗಳಲ್ಲಿದ್ದವರು ಮಾತ್ರ ಮೆಟ್ಟಿಲು ಹತ್ತಿಳಿದು ಬಂದು ಪಾತ್ರೆ ಬರಿದಾಗಿರುವುದನ್ನು ಕಂಡು ನಿರಾಶರಾಗಿ ಮರಳಬೇಕಾಗುತ್ತಿತ್ತು.

ಇದಕ್ಕೆ ಕ್ವೆಂಟಿನ್ ಸ್ಟಾಫರ್ಡ್-ಫ್ರೇಸರ್ ಮತ್ತು ಪಾಲ್ ಜಾರ್ಡೆಟ್ಸ್ಕಿ ಎಂಬಿಬ್ಬರು ಪರಿಹಾರ ಹುಡುಕಿದರು. ಪ್ರಯೋಗಶಾಲೆಯ ಕಬ್ಬಿಣದ ಸ್ಟ್ಯಾಂಡೊಂದಕ್ಕೆ ಕ್ಯಾಮೆರಾವನ್ನು ಬಿಗಿದು ಕಾಫಿ ಪಾತ್ರೆಯತ್ತ ತಿರುಗಿಸಿದರು. ಅದರ ತಂತಿಯನ್ನು ನೆಲದಡಿಯಿಂದ ಒಯ್ದು, ವಿಡಿಯೊ ಚಿತ್ರವನ್ನು ಅಂಕಿಗಳಾಗಿ ಪರಿವರ್ತಿಸುವ ಕಂಪ್ಯೂಟರಿಗೆ ಜೋಡಿಸಿದರು. ಆ ಚಿತ್ರವನ್ನು ಕೇಳಿದವರಿಗೆ ಒದಗಿಸುವ ತಂತ್ರಾಂಶವನ್ನು ಜಾರ್ಡೆಟ್ಸ್ಕಿ ಬರೆದರು. ತಂತಮ್ಮ ಮೇಜಿನ ಮೇಲಿನ ಪರದೆಯ ಮೂಲೆಯಲ್ಲಿ ಅದನ್ನು ತೋರಿಸುವ ತಂತ್ರಾಂಶವನ್ನು ಸ್ಟಾಫರ್ಡ್-ಫ್ರೇಸರ್ ಬರೆದರು. 'ಎಕ್ಸ್‌ಕಾಫಿ' ಎಂಬುದು ಅದರ ಹೆಸರು. ಉದ್ದಗಲ 128 ಚುಕ್ಕೆಗಳಷ್ಟೇ ಇದ್ದ ಕಪ್ಪು-ಬಿಳುಪು ಚಿತ್ರ, ನಿಮಿಷಕ್ಕೆ ಸುಮಾರು ಮೂರು ಬಾರಿ ಬದಲಾಗುತ್ತಿತ್ತು. ಪಾತ್ರೆ ತುಂಬಿದೆಯೋ ಇಲ್ಲವೋ ಎಂದು ತಿಳಿಯಲು ಅಷ್ಟು ಸಾಕಿತ್ತು.

ನೋಡಲು ತಮಾಷೆಯಂತಿದ್ದರೂ ಇಲ್ಲಿ ನಡೆದದ್ದು ದೊಡ್ಡ ಬದಲಾವಣೆ. ಕ್ಯಾಮೆರಾಕ್ಕೂ ನೋಡುವವರಿಗೂ ನಡುವೆ ಪ್ರತ್ಯೇಕ ತಂತಿಗಳಿರಲಿಲ್ಲ. ಎಲ್ಲ ಕಂಪ್ಯೂಟರುಗಳನ್ನು ಮೊದಲೇ ಬೆಸೆದಿದ್ದ ಸ್ಥಳೀಯ ಜಾಲದ ಮೇಲೆಯೇ ಚಿತ್ರ ಹರಿಯಿತು. ಒಬ್ಬರು ಕೇಳಿದರೆ ಒಬ್ಬರಿಗೆ, ಹತ್ತು ಮಂದಿ ಕೇಳಿದರೆ ಹತ್ತು ಮಂದಿಗೆ. ಚಿತ್ರವನ್ನು ಹಿಡಿಯುವ ಕೆಲಸ ಬೇರೆ, ತೋರಿಸುವ ಕೆಲಸ ಬೇರೆ ಎಂಬ ವಿಂಗಡಣೆ ಅಲ್ಲಿ ಸ್ಪಷ್ಟವಾಗಿ ಮೂಡಿತು. 1993ರ ನವೆಂಬರ್‌ನಲ್ಲಿ ಅದೇ ಪ್ರಯೋಗಾಲಯದ ಡೇನಿಯಲ್ ಗಾರ್ಡನ್ ಮತ್ತು ಮಾರ್ಟಿನ್ ಜಾನ್ಸನ್ ಈ ಚಿತ್ರವನ್ನು ಆಗತಾನೇ ಬೆಳೆಯುತ್ತಿದ್ದ ವಿಶ್ವವ್ಯಾಪಿ ಜಾಲಕ್ಕೆ ಜೋಡಿಸಿದರು. ಯಾವುದೋ ಓಣಿಯ ಕಾಫಿ ಪಾತ್ರೆಯನ್ನು ಜಗತ್ತಿನ ಮೂಲೆಮೂಲೆಯವರು ನೋಡತೊಡಗಿದರು. 2001ರ ಆಗಸ್ಟ್ 22ರಂದು, ಪ್ರಯೋಗಾಲಯ ಹೊಸ ಕಟ್ಟಡಕ್ಕೆ ಹೋಗುವಾಗ, ಕ್ಯಾಮೆರಾವನ್ನು ಆರಿಸಲಾಯಿತು. ಆ ಹಳೆಯ ಕಾಫಿ ಯಂತ್ರವನ್ನು ಜರ್ಮನಿಯ 'ಡೆರ್ ಸ್ಪೀಗಲ್' ಪತ್ರಿಕೆಯ ಅಂತರ್ಜಾಲ ವಿಭಾಗ 3,350 ಪೌಂಡ್ ಕೊಟ್ಟು ಹರಾಜಿನಲ್ಲಿ ಕೊಂಡಿತು.

ಇನ್ನೂ ಒಂದು ಮಾತು. ಆ ಕ್ಯಾಮೆರಾ ನೋಡುತ್ತಿದ್ದುದು ಮನುಷ್ಯರನ್ನಲ್ಲ, ಒಂದು ಪಾತ್ರೆಯನ್ನು. ಅಪ್ಪಿತಪ್ಪಿ ಯಾರದಾದರೂ ಕೈ ಅದರಲ್ಲಿ ಕಂಡರೆ, ಆ ಕೈಯವರೂ ತಮ್ಮ ಕೋಣೆಗೆ ಹೋಗಿ ಅದೇ ಚಿತ್ರವನ್ನು ನೋಡಬಹುದಿತ್ತು. ಮೊದಲ ದಿನಗಳಲ್ಲಿ ಅಲ್ಲಿ ನೋಡುವವರೂ ಕಾಣಿಸಿಕೊಳ್ಳುವವರೂ ಒಂದೇ ಬಳಗದವರಾಗಿದ್ದರು. ಈ ಅಂಶವನ್ನು ನೆನಪಿನಲ್ಲಿಡಿ; ಮುಂದೆ ಮತ್ತೆ ಇದಕ್ಕೆ ಬರೋಣ.

ಕ್ಯಾಮೆರಾಕ್ಕೊಂದು ವಿಳಾಸ

ಕೇಂಬ್ರಿಜ್‌ನ ಏರ್ಪಾಡಿನಲ್ಲಿ ಕ್ಯಾಮೆರಾದ ಪಕ್ಕದಲ್ಲೊಂದು ಕಂಪ್ಯೂಟರ್ ಬೇಕೇಬೇಕಿತ್ತು. ಆ ಕಂಪ್ಯೂಟರನ್ನು ಕ್ಯಾಮೆರಾದ ಹೊಟ್ಟೆಯೊಳಗೇ ಸೇರಿಸಿದರೆ ಹೇಗೆ? ಸ್ವೀಡನ್ನಿನ ಲುಂಡ್ ನಗರದ ಆಕ್ಸಿಸ್ ಎಂಬ ಸಂಸ್ಥೆ 1996ರಲ್ಲಿ 'ನೆಟ್‌ಐ 200' ಎಂಬ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಿತು. ಜಾಲದ ತಂತಿಯನ್ನು ನೇರವಾಗಿ ಚುಚ್ಚಬಹುದಾದ, ತನ್ನದೇ ವಿಳಾಸವುಳ್ಳ ಮೊದಲ ಕ್ಯಾಮೆರಾ ಎಂದು ಅದು ಹೆಸರಾಗಿದೆ. ದೊಡ್ಡ ಚಿತ್ರವೊಂದನ್ನು ಕಳುಹಿಸಲು ಅದು ಸುಮಾರು 17 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಅಷ್ಟು ಹೊತ್ತಿಗೆ ಕಳ್ಳ ಬಂದು ಕದ್ದು ಹೋಗಿಯೂ ಆಗುತ್ತಿತ್ತೇನೋ! ಆದರೂ ಕ್ಯಾಮೆರಾ ಎಂಬುದು ಅಂದಿನಿಂದ ಜಾಲದ ಸ್ವತಂತ್ರ ಸದಸ್ಯನಾಯಿತು.

ಅದೇ ವರ್ಷ ಪ್ಯಾರಿಸ್ ಬಳಿಯ ಎಕೋಲ್ ಸೆಂಟ್ರಲ್ ಎಂಬ ಎಂಜಿನಿಯರಿಂಗ್ ವಿದ್ಯಾಲಯದಲ್ಲಿ ಇನ್ನೊಂದು ಕಥೆ ಆರಂಭವಾಯಿತು. ಅಲ್ಲಿನ ನಿಲಯವಾಸಿ ವಿದ್ಯಾರ್ಥಿಗಳ ಜಾಲ ಬಹಳ ನಿಧಾನವಾಗಿತ್ತು. ಹೊಸ ಜಾಲ ಬೇಕೆನ್ನಲು ತಕ್ಕ ಕಾರಣವೊಂದು ಬೇಕಲ್ಲವೇ? ಉಪಗ್ರಹದಿಂದ ಬರುವ ಟಿ.ವಿ. ಕಾರ್ಯಕ್ರಮಗಳನ್ನು ಒಂದೇ ಕಡೆ ಹಿಡಿದು, ಸ್ಥಳೀಯ ಜಾಲದ ಮೂಲಕ ಪ್ರತಿಯೊಂದು ಕೋಣೆಯ ಕಂಪ್ಯೂಟರಿಗೂ ಹರಿಸುವ ಯೋಜನೆಯನ್ನು ವಿದ್ಯಾರ್ಥಿಗಳು ಮುಂದಿಟ್ಟರು. ಹರಿಸುವುದಕ್ಕೊಂದು ತಂತ್ರಾಂಶ, ನೋಡುವುದಕ್ಕೊಂದು ತಂತ್ರಾಂಶ ಬರೆದರು. ನೋಡುವ ತಂತ್ರಾಂಶವೇ ಇಂದು ನಮ್ಮ ಮಕ್ಕಳೆಲ್ಲ ಬಲ್ಲ, ಕಿತ್ತಳೆ ಬಣ್ಣದ ಶಂಕುವಿನ ಚಿಹ್ನೆಯುಳ್ಳ 'ವಿಎಲ್‌ಸಿ'. 2001ರ ಫೆಬ್ರವರಿಯಲ್ಲಿ ಅದನ್ನು ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶವನ್ನಾಗಿ ಬಿಡುಗಡೆ ಮಾಡಲಾಯಿತು. ವಿದ್ಯಾರ್ಥಿ ನಿಲಯದ ಆ ಯುವಕ ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ತೋರಿಸಿದ್ದೂ ಅದನ್ನೇ.

ಎಲ್ಲರಿಗೂ ತಿಳಿಯುವ ಒಂದು ಭಾಷೆ

ವಿಳಾಸವಿದ್ದರೆ ಸಾಲದು, ಮಾತನಾಡಲು ಭಾಷೆಯೂ ಬೇಕು. ಒಂದು ಕಂಪೆನಿಯ ಕ್ಯಾಮೆರಾ ಇನ್ನೊಂದು ಕಂಪೆನಿಯ ತಂತ್ರಾಂಶಕ್ಕೆ ಅರ್ಥವಾಗುವುದು ಹೇಗೆ?

ಇದಕ್ಕೆ ಉತ್ತರ ಎರಡು ಹಂತಗಳಲ್ಲಿ ಬಂದಿತು. 1996ರ ಜನವರಿಯಲ್ಲಿ 'ಆರ್‌ಟಿಪಿ' ಎಂಬ ನಿಯಮಾವಳಿ ಪ್ರಕಟವಾಯಿತು. ಚಿತ್ರ ಮತ್ತು ಧ್ವನಿಯನ್ನು ಪುಟ್ಟ ಪುಟ್ಟ ಪೊಟ್ಟಣಗಳಾಗಿ ಕಟ್ಟಿ ಕಳುಹಿಸುವ ವಿಧಾನ ಅದು. ಜಾಲದಲ್ಲಿ ಮೊದಲು ಹೊರಟದ್ದು ಮೊದಲೇ ಬಂದು ಸೇರುತ್ತದೆಂಬ ಭರವಸೆಯಿಲ್ಲ. ಕೆಲವು ದಾರಿಯಲ್ಲಿ ಕಳೆದುಹೋಗುವುದೂ ಉಂಟು. ಆದ್ದರಿಂದ ಪ್ರತಿ ಪೊಟ್ಟಣದ ಮೇಲೂ ಕ್ರಮಸಂಖ್ಯೆ ಮತ್ತು ಕಾಲದ ಗುರುತು ಇರುತ್ತವೆ. ನೋಡುವ ತಂತ್ರಾಂಶ ಅವುಗಳನ್ನು ಸಾಲಾಗಿ ಜೋಡಿಸಿಕೊಂಡು ಚಿತ್ರವನ್ನು ಕಟ್ಟುತ್ತದೆ.

1998ರ ಏಪ್ರಿಲ್‌ನಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದ ಹೆನ್ನಿಂಗ್ ಶುಲ್ಸ್‌ರಿನ್, ನೆಟ್‌ಸ್ಕೇಪ್ ಸಂಸ್ಥೆಯ ಅನೂಪ್ ರಾವ್ ಮತ್ತು ರಿಯಲ್‌ನೆಟ್‌ವರ್ಕ್ಸ್ ಸಂಸ್ಥೆಯ ರಾಬ್ ಲಾನ್‌ಫಿಯರ್ 'ಆರ್‌ಟಿಎಸ್‌ಪಿ' ಎಂಬ ಇನ್ನೊಂದು ನಿಯಮಾವಳಿಯನ್ನು ರೂಪಿಸಿಕೊಟ್ಟರು. ಇದು ಚಿತ್ರವನ್ನು ಹೊರುವುದಿಲ್ಲ, ಟಿ.ವಿ.ಯ ರಿಮೋಟಿನಂತೆ ಅಪ್ಪಣೆಗಳನ್ನು ಮಾತ್ರ ಒಯ್ಯುತ್ತದೆ. ನೋಡುವ ತಂತ್ರಾಂಶ ಮೊದಲು "ನಿನ್ನಲ್ಲಿ ಏನಿದೆ, ವಿವರಿಸು" ಎಂದು ಕೇಳುತ್ತದೆ. ಕ್ಯಾಮೆರಾ ತನ್ನ ಚಿತ್ರದ ಬಗೆಯನ್ನು ತಿಳಿಸುತ್ತದೆ. "ಈ ದಾರಿಯಲ್ಲಿ ಕಳುಹಿಸಲು ಸಿದ್ಧನಾಗು" ಎಂಬುದು ಎರಡನೆಯ ಮಾತು. "ಇನ್ನು ಆರಂಭಿಸು" ಎಂಬುದು ಮೂರನೆಯದು, ಚಿತ್ರ ಹರಿಯತೊಡಗುತ್ತದೆ. ಕೊನೆಗೆ "ಸಾಕು" ಎಂದು ಹೇಳಿ ಸಂಬಂಧ ಕಡಿದುಕೊಳ್ಳುತ್ತದೆ. ಇಷ್ಟೇ ಸಂಭಾಷಣೆ. ಈ ನಾಲ್ಕು ಮಾತು ಬಲ್ಲ ಯಾವ ತಂತ್ರಾಂಶಕ್ಕೂ ಕ್ಯಾಮೆರಾ ಬಾಗಿಲು ತೆರೆಯುತ್ತದೆ.

2003ರಲ್ಲಿ ಬಂದ 'ಎಚ್.264' ಎಂಬ ಸಂಕೋಚನ ವಿಧಾನ ಈ ಹರಿವನ್ನು ಇನ್ನೂ ಹಗುರಗೊಳಿಸಿತು. ಖಾಲಿ ಓಣಿಯ ಗೋಡೆ ಕ್ಷಣಕ್ಷಣಕ್ಕೂ ಬದಲಾಗುವುದಿಲ್ಲ. ಆದ್ದರಿಂದ ಆಗಾಗ ಒಂದು ಪೂರ್ಣ ಚಿತ್ರವನ್ನು ಕಳುಹಿಸಿ, ನಡುವೆ ಬದಲಾದ ಭಾಗವನ್ನಷ್ಟೇ ತಿಳಿಸಿದರೆ ಸಾಕು. ಹರಿವಿನ ನಡುವೆ ಬಂದು ಸೇರಿಕೊಂಡ ಪರದೆಯಲ್ಲಿ ಮೊದಲೆರಡು ಕ್ಷಣ ಚಿತ್ರ ಬೂದಿ ಬಳಿದಂತೆ ಕಾಣುವುದೂ ಇದರಿಂದಲೇ. ಮುಂದಿನ ಪೂರ್ಣ ಚಿತ್ರ ಬರುವವರೆಗೆ ಅದು ಕಾಯಬೇಕು.

2008ರಲ್ಲಿ ಆಕ್ಸಿಸ್, ಬಾಷ್ ಮತ್ತು ಸೋನಿ ಸಂಸ್ಥೆಗಳು ಒಂದುಗೂಡಿ 'ಆನ್‌ವಿಫ್' ಎಂಬ ವೇದಿಕೆಯನ್ನು ಕಟ್ಟಿದವು. ಜಾಲದಲ್ಲಿ ಯಾವ ಯಾವ ಕ್ಯಾಮೆರಾಗಳಿವೆ ಎಂದು ತಾನಾಗಿಯೇ ಹುಡುಕುವುದು, ಅವುಗಳ ಹರಿವಿನ ವಿಳಾಸವನ್ನು ಕೇಳಿ ಪಡೆಯುವುದು ಇವೆಲ್ಲಕ್ಕೂ ಸಮಾನ ರೀತಿ ಏರ್ಪಟ್ಟಿತು. ಅಂದಿನಿಂದ ಒಂದೇ ಕ್ಯಾಮೆರಾದ ಹರಿವು ದಾಖಲಿಸುವ ಪೆಟ್ಟಿಗೆಗೂ, ಕಾವಲುಗಾರನ ಪರದೆಗೂ, ಚಲನೆಯನ್ನು ಕಂಡರೆ ಎಚ್ಚರಿಸುವ ತಂತ್ರಾಂಶಕ್ಕೂ, ಮುಖವನ್ನು ಗುರುತಿಸುವ ತಂತ್ರಾಂಶಕ್ಕೂ ಜೊತೆಜೊತೆಯಾಗಿ ಹೋಗುವುದು ಸುಲಭವಾಯಿತು.

ಮಿತಿಯೊಂದೇ ಉಳಿಯಿತು. ಒಂದು ಹರಿವಿಗೆ ಸೆಕೆಂಡಿಗೆ 4 ಮೆಗಾಬಿಟ್ ಎಂದಿಟ್ಟುಕೊಳ್ಳಿ; ಐವರು ನೋಡಿದರೆ ಸಾಮಾನ್ಯವಾಗಿ 20 ಮೆಗಾಬಿಟ್ ಬೇಕು. ಪುಟ್ಟ ಕ್ಯಾಮೆರಾ ಬಳಲುತ್ತದೆ. ಅದಕ್ಕಾಗಿ ನಡುವೆ ಒಂದು ಕಂಪ್ಯೂಟರನ್ನು ಇಟ್ಟು, ಕ್ಯಾಮೆರಾದಿಂದ ಒಂದೇ ಹರಿವನ್ನು ಪಡೆದು ಅದನ್ನು ಎಲ್ಲರಿಗೂ ಹಂಚುವ ಪದ್ಧತಿ ಇದೆ. ಊರಿನ ಕೆರೆಯಿಂದ ಒಂದೇ ಕಾಲುವೆ ತೆಗೆದು, ಮುಂದೆ ಹೊಲಹೊಲಕ್ಕೆ ಕವಲು ಮಾಡಿದ ಹಾಗೆ.

ಕೋಟೆ ಸೂರೆಹೋದ ಮೇಲೆ

ಈ ಏರ್ಪಾಡಿನಲ್ಲೆಲ್ಲ ಒಂದು ನಂಬಿಕೆ ಅಡಗಿತ್ತು. ಸ್ಥಳೀಯ ಜಾಲವೆಂದರೆ ನಮ್ಮ ಮನೆಯಂಗಳ. ಅದರೊಳಗೆ ಇರುವವರೆಲ್ಲ ನಮ್ಮವರು ಎಂಬ ನಂಬಿಕೆ. 192.168 ಎಂದು ಆರಂಭವಾಗುವ ವಿಳಾಸಗಳನ್ನು ನೀವು ಕಂಡಿರಬಹುದು. ಅವು ಮನೆಯೊಳಗಿನ ಕೋಣೆಗಳ ಸಂಖ್ಯೆಯಂತೆ. ಬೀದಿಯಲ್ಲಿ ನಿಂತವರಿಗೆ ಆ ಸಂಖ್ಯೆ ಹಿಡಿದು ಬರಲಾಗದು. ಕಾಂಪೌಂಡು ಗೋಡೆ ಇದೆಯೆಂಬ ಧೈರ್ಯದಿಂದ ಒಳಗಿನ ಬಾಗಿಲುಗಳಿಗೆ ಚಿಲಕ ಹಾಕುವುದನ್ನು ಬಹಳ ಮಂದಿ ಮರೆತರು. ಆರ್‌ಟಿಎಸ್‌ಪಿ ಹರಿವು ಇಂದಿಗೂ ಬಹುಮಟ್ಟಿಗೆ ಗೂಢಲಿಪಿಯ ಮರೆಯಿಲ್ಲದೆ, ತೆರೆದ ಪತ್ರದಂತೆಯೇ ಸಾಗುತ್ತದೆ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸುವ ಗೋಜಿಗೆ ಎಷ್ಟೋ ಜನ ಹೋಗಲಿಲ್ಲ.

ಇಷ್ಟರಲ್ಲಿ ಹೊರಗಿನಿಂದಲೂ ತಮ್ಮ ಕ್ಯಾಮೆರಾಗಳನ್ನು ನೋಡಬೇಕೆಂಬ ಆಸೆ ಜನರಲ್ಲಿ ಮೂಡಿತು. ಅಂಗಡಿಯ ಮಾಲೀಕ ಮನೆಯಿಂದಲೇ ಅಂಗಡಿಯನ್ನು ನೋಡಬೇಕು. ತಾಯಿ ಕಚೇರಿಯಿಂದಲೇ ಮಗುವನ್ನು ನೋಡಬೇಕು. ತಪ್ಪೇನೂ ಅಲ್ಲ. ಆದರೆ ಅದಕ್ಕಾಗಿ ಕಾಂಪೌಂಡು ಗೋಡೆಯಲ್ಲಿ ಕಿಂಡಿ ಕೊರೆಯಲಾಯಿತು. ತಾಯಿ ನೋಡಬಹುದಾದ ಕಿಂಡಿಯಲ್ಲಿ ಅಪರಿಚಿತನೂ ನೋಡಬಹುದು. 2014ರ ನವೆಂಬರ್‌ನಲ್ಲಿ, ಹೀಗೆ ಬೀಗವಿಲ್ಲದೆ ಬಿದ್ದಿದ್ದ ಸಾವಿರಾರು ಕ್ಯಾಮೆರಾಗಳ ಚಿತ್ರವನ್ನು ಒಂದೇ ಕಡೆ ಪ್ರದರ್ಶಿಸುತ್ತಿದ್ದ ತಾಣವೊಂದರ ಬಗ್ಗೆ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ಜನರನ್ನು ಎಚ್ಚರಿಸಬೇಕಾಯಿತು. ತೊಟ್ಟಿಲಲ್ಲಿ ಮಲಗಿದ ಮಕ್ಕಳ ಚಿತ್ರವೂ ಅದರಲ್ಲಿತ್ತು.

ಎರಡು ವರ್ಷಗಳ ನಂತರ ಇದಕ್ಕಿಂತಲೂ ದೊಡ್ಡ ಆಘಾತ ಕಾದಿತ್ತು. 2016ರಲ್ಲಿ 'ಮಿರೈ' ಎಂಬ ಕೇಡಿನ ತಂತ್ರಾಂಶ ಹರಡಿತು. ಜಪಾನೀ ಭಾಷೆಯಲ್ಲಿ ಆ ಪದಕ್ಕೆ 'ಭವಿಷ್ಯ' ಎಂದರ್ಥ. ಅದನ್ನು ಬರೆದವರು ಅಮೆರಿಕದ ಮೂವರು ಯುವಕರು. 2017ರಲ್ಲಿ ಅವರು ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡರು. ಮಿರೈ ಮಾಡುತ್ತಿದ್ದುದು ಬಹಳ ಸರಳವಾದ ಕೆಲಸ. ಕಾರ್ಖಾನೆಗಳು ಸಾಮಾನ್ಯವಾಗಿ ಇಡುವ ಅರವತ್ತಕ್ಕೂ ಹೆಚ್ಚು ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿ ಅದರ ಬಳಿಯಿತ್ತು. ಜಾಲದಲ್ಲಿ ಸಿಕ್ಕ ಸಿಕ್ಕ ಉಪಕರಣದ ಬಾಗಿಲಿಗೆ ಹೋಗಿ ಆ ಕೀಲಿಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಿತ್ತು. ಅದು ಬಂದದ್ದು ಚಿತ್ರ ಹರಿಯುವ ಬಾಗಿಲಿನಿಂದಲ್ಲ, ದೂರದಿಂದ ಉಪಕರಣವನ್ನು ನಿರ್ವಹಿಸಲೆಂದು ತೆರೆದಿಟ್ಟಿದ್ದ ಹಿಂಬಾಗಿಲಿನಿಂದ. ಕ್ಯಾಮೆರಾಗಳು, ಅವುಗಳ ರೆಕಾರ್ಡರುಗಳು, ಮನೆಯ ರೂಟರುಗಳು ಎಲ್ಲ ಸೇರಿ ಒಂದು ಹಂತದಲ್ಲಿ ಸುಮಾರು 6 ಲಕ್ಷ ಉಪಕರಣಗಳು ಅದರ ವಶದಲ್ಲಿದ್ದವು.

ಆ ಸೆಪ್ಟೆಂಬರ್‌ನಲ್ಲಿ ಬ್ರಯನ್ ಕ್ರೆಬ್ಸ್ ಎಂಬ ಪತ್ರಕರ್ತರ ತಾಣದ ಮೇಲೆ ಸೆಕೆಂಡಿಗೆ ಸುಮಾರು 620 ಗಿಗಾಬಿಟ್ ವೇಗದ ದಾಳಿ ನಡೆಯಿತು. ಅಕ್ಟೋಬರ್ 21ರಂದು, ತಾಣಗಳ ಹೆಸರನ್ನು ವಿಳಾಸಕ್ಕೆ ತಿರುಗಿಸಿಕೊಡುವ ಡಿನ್ ಎಂಬ ಸಂಸ್ಥೆಯ ಮೇಲೆ ದಾಳಿಯಾದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂತಹ ದೊಡ್ಡ ತಾಣಗಳೂ ಹಲವೆಡೆ ಗಂಟೆಗಟ್ಟಲೆ ಸಿಗದಾದವು. ಕಾವಲಿಗೆಂದು ಇಟ್ಟ ಉಪಕರಣಗಳೇ ದಾಳಿಕೋರರ ಸೈನ್ಯವಾದವು. ಬೇಲಿಯೇ ಎದ್ದು ಹೊಲ ಮೇಯ್ದ ಗಾದೆಗೆ ಇದಕ್ಕಿಂತ ಉತ್ತಮ ಉದಾಹರಣೆ ಬೇಕೆ?

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಆದರೂ ಹಾಕದೇ ಇರುವುದಕ್ಕಿಂತ ಹಾಕಿದ್ದು ಮೇಲು. ಕ್ಯಾಲಿಫೋರ್ನಿಯ ರಾಜ್ಯ 2020ರ ಜನವರಿ 1ರಿಂದ, ಬ್ರಿಟನ್ 2024ರ ಏಪ್ರಿಲ್ 29ರಿಂದ ಊಹಿಸಬಹುದಾದ ಸಮಾನ ಪಾಸ್‌ವರ್ಡುಗಳೊಡನೆ ಇಂತಹ ಉಪಕರಣಗಳನ್ನು ಮಾರುವುದಕ್ಕೆ ತಡೆಯೊಡ್ಡಿದವು. ಭಾರತ ಸರ್ಕಾರವೂ 2024ರ ಏಪ್ರಿಲ್‌ನಲ್ಲಿ ಕಾವಲು ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆಯನ್ನು ಕಡ್ಡಾಯಗೊಳಿಸುವ ನಿಯಮಗಳನ್ನು ಪ್ರಕಟಿಸಿತು.

ನೋಡುವವರು, ಕಾಣಿಸಿಕೊಳ್ಳುವವರು

ಪ್ರಿಯ ವಾಚಕರೇ, ಇದುವರೆಗಿನ ಕಥೆಯನ್ನು ಒಮ್ಮೆ ಹಿಂದಿರುಗಿ ನೋಡೋಣ. ಕ್ವೀನ್ಸ್‌ನ ಮನೆಯಲ್ಲಿ ಹೆದರಿದವಳೇ ನೋಡುತ್ತಿದ್ದಳು. ಕೇಂಬ್ರಿಜ್‌ನ ಓಣಿಯಲ್ಲಿ ನೋಡುವವರೂ ಕಾಣಿಸಿಕೊಳ್ಳುವವರೂ ಒಂದೇ ಆಗಿದ್ದರು. ನಮ್ಮ ಓಣಿಗಳಲ್ಲಿ ಹಾಗಲ್ಲ. ಕಾಣಿಸಿಕೊಳ್ಳುವವರು ವಿದ್ಯಾರ್ಥಿಗಳು, ರೋಗಿಗಳು, ಕೆಲಸದವರು. ನೋಡುವವರು ಬೇರೆ ಯಾರೋ. ಕಾಣಿಸಿಕೊಳ್ಳುವವರಿಗೆ ನೋಡುವವರ ಹೆಸರೂ ತಿಳಿಯದು. ಬೀಗ, ಪಾಸ್‌ವರ್ಡು, ಗೂಢಲಿಪಿ ಎಲ್ಲವನ್ನೂ ಸರಿಪಡಿಸಿದ ಮೇಲೂ ಈ ಅಂತರ ಹಾಗೆಯೇ ಉಳಿಯುತ್ತದೆ. ಅಧಿಕಾರವುಳ್ಳವರು ಅಧಿಕಾರವಿಲ್ಲದವರನ್ನು ನೋಡುವ ಕಿಂಡಿಯಾಗಿ ಕ್ಯಾಮೆರಾ ಮಾರ್ಪಡುವುದು ಈ ಅಂತರದಲ್ಲೇ.

ಹಾಗೆಂದು ಕ್ಯಾಮೆರಾವೇ ಬೇಡವೆನ್ನುವವನು ನಾನಲ್ಲ. ಕ್ಯಾಮೆರಾ ದುರ್ಬಲರ ಪರವಾಗಿಯೂ ಸಾಕ್ಷಿ ಹೇಳಬಲ್ಲದು. 2020ರ ಡಿಸೆಂಬರ್ 2ರಂದು ಸರ್ವೋಚ್ಚ ನ್ಯಾಯಾಲಯ ದೇಶದ ಎಲ್ಲ ಪೊಲೀಸ್ ಠಾಣೆಗಳಲ್ಲಿ ಕ್ಯಾಮೆರಾ ಇರಬೇಕೆಂದು ಆದೇಶಿಸಿತು. ಲಾಕಪ್ಪಿನೊಳಗೆ ಹಿಂಸೆಗೆ ಗುರಿಯಾಗುವವರನ್ನು ಕಾಪಾಡುವುದು ಅದರ ಉದ್ದೇಶ. ಅಲ್ಲಿ ಕಾಣಿಸಿಕೊಳ್ಳಬೇಕಾದವರು ಅಧಿಕಾರವುಳ್ಳವರೇ.

ಈ ಸಂದರ್ಭದಲ್ಲಿ ಕನ್ನಡ ನಾಡಿನ ಹಿರಿಯರೊಬ್ಬರನ್ನು ಸ್ಮರಿಸಬೇಕು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಪುಟ್ಟಸ್ವಾಮಿಯವರು 2024ರಲ್ಲಿ ನಿಧನರಾದರು. ಕ್ಯಾಮೆರಾದ ಕುರಿತು ಅವರು ಹೂಡಿದ ಮೊಕದ್ದಮೆಯಲ್ಲವದು. ಆದರೆ ಹೆಗಲ ಮೇಲೆ ಟವೆಲು ಹಾಕಿಕೊಂಡು ಗುನುಗುತ್ತಾ ನಡೆಯುವ ಹುಡುಗನಿಗೂ ಆ ಹಕ್ಕು ಸೇರಿದ್ದು.

ಅಂದು ಆ ವಿದ್ಯಾರ್ಥಿ ನಿಲಯದ ಮೇಲ್ವಿಚಾರಕರೂ ನಾನೂ ಬಹಳ ಹೊತ್ತು ಮಾತನಾಡಿದೆವು. ಮರುವಾರ ಅದೇ ಯುವಕನನ್ನು ಕರೆಸಲಾಯಿತು. ಎಂಟು ಕ್ಯಾಮೆರಾಗಳಿಗೂ ಬೇರೆ ಬೇರೆ ಪಾಸ್‌ವರ್ಡುಗಳು ಬಂದವು. ಕ್ಯಾಮೆರಾಗಳ ಜಾಲವನ್ನು ಹುಡುಗರು ಬಳಸುವ ವೈಫೈಯಿಂದ ಬೇರ್ಪಡಿಸಲಾಯಿತು. ನೋಡುವುದಕ್ಕಷ್ಟೇ ಅವಕಾಶವುಳ್ಳ, ಏನನ್ನೂ ಬದಲಿಸಲಾಗದ ಪ್ರತ್ಯೇಕ ಖಾತೆಯೊಂದನ್ನು ಕಾವಲುಗಾರನಿಗೆ ಕೊಡಲಾಯಿತು. ಸ್ನಾನಗೃಹಗಳತ್ತ ಸಾಗುವ ಓಣಿಯ ಕ್ಯಾಮೆರಾವನ್ನು ಮೆಟ್ಟಿಲಿನ ಕಡೆಗೆ ತಿರುಗಿಸಲಾಯಿತು. ಕೊನೆಗೆ ಸೂಚನಾ ಫಲಕದಲ್ಲಿ ಒಂದು ಹಾಳೆ ಅಂಟಿಸಲಾಯಿತು: ಕ್ಯಾಮೆರಾಗಳು ಎಲ್ಲೆಲ್ಲಿವೆ, ಅವುಗಳನ್ನು ಯಾರು ನೋಡುತ್ತಾರೆ, ಚಿತ್ರವನ್ನು ಎಷ್ಟು ದಿನ ಇಟ್ಟುಕೊಳ್ಳಲಾಗುತ್ತದೆ. ಯುವಕ ಎಲ್ಲವನ್ನೂ ಮಾಡಿ ಮುಗಿಸಿದ್ದು ಅರ್ಧ ದಿನದಲ್ಲಿ.

ನಿಮ್ಮ ಮನೆ, ಅಂಗಡಿ, ಶಾಲೆಗಳಲ್ಲಿಯೂ ಕ್ಯಾಮೆರಾ ಇದ್ದರೆ ಇಂದೇ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇದರ ಕೀಲಿ ಯಾರ ಬಳಿಯಿದೆ? ಇದರ ಹರಿವು ಎಲ್ಲೆಲ್ಲಿಗೆ ಹೋಗುತ್ತಿದೆ? ಇದರಲ್ಲಿ ಕಾಣಿಸಿಕೊಳ್ಳುವವರಿಗೆ ಈ ವಿಷಯ ತಿಳಿದಿದೆಯೇ? ಮೊದಲೆರಡಕ್ಕೆ ಉತ್ತರವನ್ನು ತಂತ್ರಜ್ಞ ಕೊಟ್ಟಾನು. ಮೂರನೆಯದಕ್ಕೆ ನಾವೇ ಹೋಗಿ ಅವರನ್ನು ಕೇಳಬೇಕು.